ಮಾವನ ಅರವತ್ತು ಸಾವಿರ ಮುಖಗಳು

ಒಂದು ಫೋಟೊ ಬೇಕಾದಾಗ ಒಂದು ಫೋಟೊ ತೆಗೆಯುವುದು ಲೋಕದ ರೂಢಿ. ಅದಕ್ಕಾಗಿ ಅರವತ್ತು ಸಾವಿರ ಫೋಟೊ ತೆಗೆದು, ಒಂದನ್ನು ಆರಿಸಿ, ಉಳಿದವನ್ನು ಬಿಟ್ಟುಬಿಡುವ ದಾರಿ ಹಿಡಿದವನು ನನಗೆ ತಿಳಿದ ಮಟ್ಟಿಗೆ ಮೂಡುಬಿದಿರೆಯಲ್ಲಿ ನಾನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳಬೇಕೋ ತಗ್ಗಿದ ದನಿಯಲ್ಲಿ ಹೇಳಬೇಕೋ ಎಂದು ಇನ್ನೂ ತೀರ್ಮಾನಿಸಿಲ್ಲವಾದ್ದರಿಂದ ಸುಮ್ಮನೆ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ವಿಜ್ಞಾನ ಕಲಿಸುವವರಲ್ಲಿ ಹೆಚ್ಚಿನವರು ಪುಸ್ತಕದಲ್ಲಿದ್ದುದನ್ನು ಕಲಿಸಿ, ಸಂಜೆ ಮನೆಗೆ ಹೋಗಿ, ಸುಖವಾಗಿ ಚಾ ಕುಡಿಯುತ್ತಾರೆ. ನನಗೆ ಆ ಸುಖ ಒಗ್ಗಲಿಲ್ಲ. ಹಳೆಯ ಕೊಡೆಯ ಒಳಮೈಗೆ ಬೇಗಡೆ ಅಂಟಿಸಿ ಬಿಸಿಲಿನಲ್ಲೇ ಕುಚ್ಚಲಕ್ಕಿ ಬೇಯಿಸಲು ಹೊರಟವನು ನಾನು. ಅಂದು ಮೂರು ಗಂಟೆಯವರೆಗೆ ಕಾದ ನನ್ನ ಹೆಂಡತಿ ವಸಂತಿ, "ನಿಮ್ಮ ಸೂರ್ಯನಿಗೆ ಅಡುಗೆ ಬರುವುದಿಲ್ಲ, ಅವನನ್ನು ಒಳಗೆ ಕರೆಯಬೇಡಿ" ಎಂದು ಹೇಳಿ ಗ್ಯಾಸ್ ಹಚ್ಚಿದಳು. ಇಂಥ ಮನೆಯಲ್ಲಿ ವಿಡಿಯೋ ಕ್ಯಾಮರಾ ಎಂಬ ಶಬ್ದ ಮೊದಲ ಸಲ ಕೇಳಿಬಂದಾಗ ಅವಳು ಕೇಳಿದ್ದು ಒಂದೇ: "ಇದರಲ್ಲಿ ಎಂತ ಬೇಯಿಸುದು?"

ಬೇಯಿಸಬೇಕಾಗಿದ್ದುದು ಅವಳ ಅಪ್ಪನ ಮುಖ. ಅದನ್ನು ವಿವರಿಸಬೇಕಾದರೆ ನಮ್ಮ ಜಿಲ್ಲೆಯ ಪತ್ರಿಕೆ ಓದುವ ಕ್ರಮ ಗೊತ್ತಿರಬೇಕು. ನಮ್ಮಲ್ಲಿ ಪತ್ರಿಕೆಯನ್ನು ಮೊದಲ ಪುಟದಿಂದ ಓದುವವರು ಬೇರೆ ಊರಿನಿಂದ ವರ್ಗವಾಗಿ ಬಂದವರು. ಈ ಮಣ್ಣಿನವರು ನೇರವಾಗಿ ಒಳಗಿನ ಆ ಪುಟಕ್ಕೆ ಹೋಗುತ್ತಾರೆ. ಅಲ್ಲಿ ಅಂಚೆಚೀಟಿಗಿಂತ ತುಸು ದೊಡ್ಡ ಚೌಕಗಳಲ್ಲಿ ನಿನ್ನೆ ತೀರಿಕೊಂಡವರು ಸಾಲಾಗಿ ಕೂತಿರುತ್ತಾರೆ. ಬಂಟ್ವಾಳದವರು, ಬೆಳ್ತಂಗಡಿಯವರು, ನಮ್ಮವರು. ಯಾರೆಂದು ನೋಡಿ, ಹೋಗಬೇಕೋ ಬೇಡವೋ ಎಂದು ನಿಶ್ಚಯಿಸಿ, ಆಮೇಲೆ ದೇಶದ ಸುದ್ದಿಗೆ ಬಿಡುವಿದ್ದರೆ ಬರುತ್ತಾರೆ.

ವಾಮದಪದವಿನಲ್ಲಿ ಭಾವನ ಸಂಸಾರದ ಜೊತೆಗಿದ್ದ ನನ್ನ ಮಾವ ಈ ಪುಟದ ಕಠೋರ ವಿಮರ್ಶಕರು. ಅವರು ಮೂವತ್ತು ವರ್ಷ ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದರು. ಖಾಸಗಿ ಬಸ್ಸುಗಳ ನಾಡಿನಲ್ಲಿ ಟೈಮ್ ಕೀಪರ್ ಎಂದರೆ ಯಾವ ಬಸ್ಸು ಯಾವ ನಿಮಿಷಕ್ಕೆ ಬಂತು, ಯಾವ ನಿಮಿಷಕ್ಕೆ ಹೊರಡಬೇಕು ಎಂದು ಪುಸ್ತಕದಲ್ಲಿ ಬರೆದು, ಹೊರಡದೆ ನಿಂತ ಬಸ್ಸನ್ನು ವಿಸಿಲು ಊದಿ, ಬಾಗಿಲು ಬಡಿದು, ಬೇಕಾದರೆ ಡ್ರೈವರನ ಅಜ್ಜನವರೆಗೂ ಹೋಗಿ ಹೊರಡಿಸುವವರು. ಊರಿಗೆಲ್ಲ ಅವರು ಶೀನಣ್ಣ. ನಿವೃತ್ತಿಯಾದ ಮೇಲೆ ಹೊರಡಿಸಲು ಬಸ್ಸುಗಳಿಲ್ಲದೆ, ಅದೇ ದನಿಯಲ್ಲಿ ಪತ್ರಿಕೆಯಲ್ಲಿ ಹೊರಟುಹೋದವರನ್ನು ವಿಚಾರಿಸಿಕೊಳ್ಳುತ್ತಿದ್ದರು. "ಇವನನ್ನು ನೋಡಿ ಮಾಸ್ಟ್ರೇ. ಮದುವೆ ಗ್ರೂಪು ಫೋಟೊದಿಂದ ಕತ್ತರಿಸಿದ್ದು. ಹೆಗಲ ಮೇಲೆ ಬೇರೆಯವನ ಕೈ ಉಂಟು. ಇವ ಸತ್ತ, ಅವ ಕೈ ತೆಗೀಲಿಲ್ಲ." ಅಥವಾ, "ಇದು ಪಾಸ್‌ಪೋರ್ಟಿಗೆ ತೆಗೆದದ್ದು. ನೋಡಿದರೆ ಸತ್ತದ್ದಲ್ಲ, ಸಿಕ್ಕಿಬಿದ್ದದ್ದು."

ಅವರು ಹೇಳುತ್ತಿದ್ದರೆ ನಾವು ನಗುತ್ತಿದ್ದೆವು. ಆದರೆ ಒಂದು ದಿನ ಮಾವ ನಗಿಸಲಿಲ್ಲ. ಅವರ ಜೊತೆ ಇಪ್ಪತ್ತೈದು ವರ್ಷ ಅದೇ ಸ್ಟ್ಯಾಂಡಿನಲ್ಲಿ ಕಳೆದ ಒಬ್ಬ ಕಂಡಕ್ಟರ್ ಇದ್ದ. 'ಪೋಯಿ, ಪೋಯಿ', ಅಂದರೆ ಹೋಗುವ ಹೋಗುವ ಎಂದು ಕೂಗುತ್ತಲೇ ಬಸ್ಸು ಹತ್ತುತ್ತಿದ್ದುದರಿಂದ ಎಲ್ಲರಿಗೂ ಅವನು ಪೋಯಿಯಣ್ಣ. ಅವನು ತೀರಿಕೊಂಡದ್ದು ಮಾವನಿಗೆ ಗೊತ್ತಾದದ್ದು ಎಂಟು ದಿನ ಕಳೆದು, ಬೇರೆ ಯಾರೋ ಹೇಳಿ. ಪತ್ರಿಕೆಯಲ್ಲಿ ಬಂದಿತ್ತು. ಮಾವ ಆ ದಿನದ ಪತ್ರಿಕೆಯನ್ನು ಹುಡುಕಿ ತೆಗೆದರು. ಎನ್. ವಿಶ್ವನಾಥ ಎಂಬ ಹೆಸರು. ಆ ಹೆಸರು ಪೋಯಿಯಣ್ಣನಿಗೆ ಇತ್ತೆಂದು ಅವನ ಹೆಂಡತಿಗೂ ರೇಶನ್ ಕಾರ್ಡಿಗೂ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಮೇಲೆ ತಲೆತುಂಬ ಕೂದಲಿದ್ದ, ಮೀಸೆಯಿಲ್ಲದ, ಯಾವನೋ ಎಂಬಂಥ ತರುಣನ ಫೋಟೊ, ಮನೆಯವರ ಕೈಗೆ ಸಿಕ್ಕ ಅವನದೇ ಹಳೆಯದು. "ನಾನು ಇದನ್ನು ನೋಡಿದ್ದೇನೆ ಮಾಸ್ಟ್ರೇ" ಎಂದರು ಮಾವ. "ಅವತ್ತು ಬೆಳಿಗ್ಗೆಯೇ ನೋಡಿದ್ದೇನೆ. ಪಾಪ, ಸಣ್ಣ ಪ್ರಾಯ ಅಂತ ಹೇಳಿ ಪುಟ ಮಗುಚಿದೆ." ಆಮೇಲೆ ಸ್ವಲ್ಪ ಹೊತ್ತು ಪತ್ರಿಕೆಯನ್ನು ಮಡಿಸುತ್ತ ಬಿಡಿಸುತ್ತ ಕೂತು, "ನನ್ನ ಟೈಮ್ ಬಂದಾಗ ಸ್ಟ್ಯಾಂಡಿನವರಿಗೆ ನನ್ನ ಗುರ್ತ ಸಿಗ್ಬೇಕು. ಅಷ್ಟೇ. ನೀವು ಸಯನ್ಸಿನವರು, ಎಂತಾದರೂ ಒಂದು ದಾರಿ ಮಾಡಿ" ಎಂದರು.

ಅಳಿಯನಾಗಿ ಹದಿನಾಲ್ಕು ವರ್ಷದಲ್ಲಿ ಮಾವ ನನ್ನಲ್ಲಿ ಕೇಳಿದ ಮೊದಲ ಉಪಕಾರ ಅದು. ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ.

ಇದರಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಮಾವನ ಮುಖದ್ದು. ಅದು ಚಲಿಸುವ ಮುಖ. ಹುಬ್ಬು ಒಂದು ಮಾತು ಹೇಳಿದರೆ ಗಲ್ಲ ಇನ್ನೊಂದು ಹೇಳುತ್ತದೆ, ಕೈ ಇಬ್ಬರಿಗೂ ಉತ್ತರ ಕೊಡುತ್ತದೆ. ಆದರೆ ಕ್ಯಾಮರಾ ಎತ್ತಿದರೆ ಸಾಕು, ಇದೆಲ್ಲ ಒಟ್ಟಿಗೆ ನಿಂತುಹೋಗಿ ಆರ್‌ಟಿಓ ಇನ್‌ಸ್ಪೆಕ್ಟರ್ ಬಸ್ಸು ಹತ್ತಿದ ಹಾಗೆ ಆಗುತ್ತದೆ. ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. "ಸ್ವಲ್ಪ ನಗಾಡಿ ಶೀನಣ್ಣ" ಎಂದ ಸ್ಟುಡಿಯೋದವನು. "ಎಂತಕ್ಕೆ?" ಎಂದರು ಮಾವ. "ಫೋಟೊಕ್ಕೆ." "ಸಾಯುವ ಫೋಟೊಕ್ಕೆ ನಗಾಡುದಾ?" ಸ್ಟುಡಿಯೋದವನೇ ನಕ್ಕ, ಅವನು ನಕ್ಕು ಮುಗಿಸಿ ಬಟನ್ ಒತ್ತುವಷ್ಟರಲ್ಲಿ ಮಾವ ಮರದ ಹಲಗೆಯಾಗಿದ್ದರು. ನನ್ನ ಸ್ವಂತ ಕ್ಯಾಮರಾದಲ್ಲಿ ಒಂದು ರೋಲು, ಮೂವತ್ತಾರು ಫೋಟೊ ತೆಗೆದೆ. ತೊಳೆಸಿ ತಂದಾಗ ಒಂದೇ ಫೋಟೊದ ಮೂವತ್ತಾರು ಪ್ರತಿ ಹಾಕಿಸಿದಂತಿತ್ತು.

ನನ್ನೊಳಗಿನ ಪ್ರಯೋಗಶೀಲ ಎಚ್ಚೆತ್ತದ್ದು ಆಗ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ವಿಡಿಯೋ ಕ್ಯಾಮರಾಗಳು ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಇಳಿಯತೊಡಗಿದ್ದವು. ವಿಡಿಯೋ ಓಡುತ್ತಲೇ ಇರುತ್ತದೆ. ಮಾವ ಹತ್ತು ನಿಮಿಷ ಹಲಗೆಯಾಗಿ ಕೂರಬಹುದು, ಹನ್ನೊಂದನೆಯ ನಿಮಿಷಕ್ಕೆ ಬೇಸರ ಬಂದು ಮನುಷ್ಯರಾಗಲೇಬೇಕು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಅವುಗಳಲ್ಲಿ ಒಂದನ್ನು ಹೊರಗೆ ತೆಗೆದರೆ ಆಯಿತು. ಹೀಗೆ ಲೆಕ್ಕ ಹಾಕಿ, ಬೆಳ್ತಂಗಡಿ ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂತಿದ್ದ ಇಸ್ಮಾಯಿಲನನ್ನು ಕಾಣಲು ಕಕ್ಕಿಂಜೆಗೆ ಹೋದೆ. ಅವನು ಶಾರ್ಜಾದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಇಂಥವನ್ನೇ ಮಾರುವವನು, ರಜೆಯಲ್ಲಿ ಬಂದಿದ್ದ.

"ನಿನಗೆ ವಿಡಿಯೋ ಬೇಕಾ, ಫೋಟೊ ಬೇಕಾ?" ಎಂದು ಇಸ್ಮಾಯಿಲ್ ಕೇಳಿದ.

"ಫೋಟೊ. ಆದರೆ ವಿಡಿಯೋದಿಂದ ತೆಗೆದ ಫೋಟೊ. ಒಳ್ಳೆ ಕ್ವಾಲಿಟಿದು."

"ಫೋಟೊ ಬೇಕಾದರೆ ಫೋಟೊ ಕ್ಯಾಮರಾ ತಗೊ ಮಾರಾಯ."

ನಾನು ಮಾವನ ಮುಖದ ಸ್ವಭಾವವನ್ನು ವಿವರಿಸಿದೆ. ಅವನು ಪೂರ್ತಿ ಕೇಳಿ, "ಅಂದರೆ ಒಂದು ಬಂಗುಡೆ ತಿನ್ಲಿಕ್ಕೆ ನೀನು ಕಡಲನ್ನೇ ಮನೆಗೆ ತರ್ತಿ" ಎಂದ. ಆದರೂ ಸ್ನೇಹಿತ ಸ್ನೇಹಿತನೇ. ಶಾರ್ಜಾಕ್ಕೆ ಹಿಂತಿರುಗಿ ಒಂದು ಕಟ್ಟು ಕ್ಯಾಟಲಾಗು ಕಳಿಸಿಕೊಟ್ಟ.

ನನ್ನ ಜೀವನದ ಅತ್ಯಂತ ನೆಮ್ಮದಿಯ ನಾಲ್ಕು ತಿಂಗಳು ಆಮೇಲಿನವು. ಕ್ಯಾಮರಾ ಕೊಳ್ಳುವುದಕ್ಕಿಂತ ಆರಿಸುವುದು ಎಷ್ಟು ಮೇಲೆಂದು ಆರಿಸಿದವರಿಗೇ ಗೊತ್ತು. ದೊಡ್ಡ ಹಾಳೆಯ ಮೇಲೆ ಕೋಷ್ಟಕ ಮಾಡಿದೆ. ಒಂದು ಕ್ಯಾಮರಾದಲ್ಲಿ ಒಂದೇ ಕಣ್ಣು, ಇನ್ನೊಂದರಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಮೂರು. ಒಂದರಲ್ಲಿ ಹತ್ತು ಲಕ್ಷ ಚುಕ್ಕಿ, ಅಂದರೆ ಪಿಕ್ಸೆಲ್, ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮೂರು ವಾರ ಓದಿದ ಮೇಲೆ ತಿಳಿಯಿತು, ಟೇಪಿನಿಂದ ತೆಗೆಯುವ ಚಿತ್ರಕ್ಕೆ ಯಾವ ಕ್ಯಾಮರಾ ಆದರೂ ಸಿಗುವುದು ನಾಲ್ಕು ಲಕ್ಷ ಚಿಲ್ಲರೆ ಮಾತ್ರ. ಇನ್ನೊಂದರಲ್ಲಿ 'ಫೋಟೊ' ಎಂಬ ಬಟನ್ನೇ ಇತ್ತು. ಹಿಗ್ಗಿ ಫೋನಿನಲ್ಲಿ ಕೇಳಿದರೆ ಇಸ್ಮಾಯಿಲ್ ಹೇಳಿದ: "ಅದು ಒತ್ತಿದರೆ ಏಳು ಸೆಕೆಂಡು ಚಿತ್ರ ಕಲ್ಲಾಗಿ ನಿಲ್ತದೆ. ಸ್ವರ ಮಾತ್ರ ಹೋಗ್ತಾ ಇರ್ತದೆ. ನಿನ್ನ ಮಾವ ಬಾಯಿ ಮುಚ್ಚಿಕೊಂಡೇ ಬೈದ ಹಾಗೆ ಕೇಳ್ತದೆ." ಪ್ರತಿ ಭಾನುವಾರ ವಾಮದಪದವಿಗೆ ಹೋದಾಗ ಮಾವ ನನ್ನ ಕೈ ನೋಡುತ್ತಿದ್ದರು. "ಬಂತಾ?" "ಇಲ್ಲ ಮಾವ, ನೋಡ್ತಾ ಇದ್ದೇನೆ." "ನೋಡಿ, ನೋಡಿ. ನಾನು ಕಾಯ್ತೇನೆ. ಆದರೆ ಈ ಬಸ್ಸಿನ ಟೈಮು ನನ್ನ ಪುಸ್ತಕದಲ್ಲಿ ಇಲ್ಲ." ಅವರ ಎದೆಯಲ್ಲಿ ಆಗಾಗ ನೋವು ಕಾಣಿಸಿಕೊಳ್ಳುತ್ತಿತ್ತೆಂದು ಭಾವ ಹೇಳಿದ್ದು ಅದೇ ದಿನಗಳಲ್ಲಿ. ವಸಂತಿ ಮನೆಗೆ ಬಂದು ನನ್ನ ಕೋಷ್ಟಕವನ್ನು ನಾಲ್ಕಾಗಿ ಮಡಿಸಿ ನನ್ನ ಕಿಸೆಗೆ ತುರುಕಿದಳು. "ಅಪ್ಪನಿಗೆ ಒಂದು ಮುಖ ಇರುವಾಗಲೇ ಯಾವುದಾದರೂ ಒಂದು ತರಿಸಿ" ಎಂದಳು.

ಕೊನೆಗೆ ಎರಡು ಉಳಿದವು. ಒಂದು, ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವಂಥದ್ದು. ಇನ್ನೊಂದಕ್ಕೆ ಆ ಗುಣವಿರಲಿಲ್ಲ, ಆದರೆ ಬಹುದೂರದ್ದನ್ನು ಹತ್ತಿರ ಎಳೆದು ತೋರಿಸುವ ಜೂಮ್ ಇತ್ತು. "ಫೋಟೊ ತೆಗೆಯಲಿಕ್ಕಾದರೆ ಮೊದಲನೆಯದ್ದೇ" ಎಂದು ಇಸ್ಮಾಯಿಲ್ ಮೂರು ಸಲ ಹೇಳಿದ. ನಾನು ಎರಡನೆಯದನ್ನು ತರಿಸಿದೆ. ನನ್ನ ತರ್ಕ ಹೀಗಿತ್ತು: ಮಾವ ಹಲಗೆಯಾಗುವುದು ಕ್ಯಾಮರಾ ಹತ್ತಿರವಿದ್ದಾಗ; ದೂರ ನಿಂತು ಹಿಡಿದರೆ ಆಗುವುದಿಲ್ಲ; ಆದ್ದರಿಂದ ಜೂಮ್ ಮುಖ್ಯ. ತರ್ಕದಲ್ಲಿ ತಪ್ಪು ಎಲ್ಲಿತ್ತೆಂದು ಇಂದಿಗೂ ನನಗೆ ಕಾಣುವುದಿಲ್ಲ. ಫಲಿತಾಂಶದಲ್ಲಿ ಮಾತ್ರ ಕಂಡಿತು.

ಮೊದಲ ಪ್ರಯೋಗ ಮಾವನ ಜಗಲಿಯಲ್ಲಿ. ಅವರು ಪತ್ರಿಕೆ ಓದುತ್ತ ಯಾರನ್ನೋ ಟೀಕಿಸಿ ಕೈ ಬೀಸುವುದನ್ನು ಅಂಗಳದಾಚೆಯಿಂದ ಹಿಡಿದೆ. ಮನೆಯ ಕಂಪ್ಯೂಟರಿಗೆ ಒಂದು ಕಾರ್ಡು ಹಾಕಿಸಿ, ಟೇಪನ್ನು ಅದಕ್ಕಿಳಿಸಿ, ಒಂದು ಚಿತ್ರ ನಿಲ್ಲಿಸಿ ನೋಡಿದರೆ ಮಾವನ ಕೈಯನ್ನು ಯಾರೋ ಬಾಚಣಿಗೆಯಿಂದ ಬಾಚಿದ ಹಾಗಿತ್ತು. ಬೆರಳು ಹತ್ತು, ತುಟಿ ನಾಲ್ಕು. ವಿಡಿಯೋದಲ್ಲಿ ಒಂದು ಚಿತ್ರವೆಂದರೆ ನಿಜವಾಗಿ ಒಂದು ಚಿತ್ರವಲ್ಲ. ಕಿಟಕಿಯ ಸರಳುಗಳಂಥ ಅಡ್ಡಗೆರೆಗಳಲ್ಲಿ ಮೊದಲು ಒಂದು ಬಿಟ್ಟು ಒಂದು ಗೆರೆ ತುಂಬುತ್ತದೆ. ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಕಳೆದು ನಡುವಿನ ಗೆರೆಗಳು ತುಂಬುತ್ತವೆ. ಅಷ್ಟರಲ್ಲಿ ಮಾವನ ಕೈ ಮುಂದೆ ಹೋಗಿರುತ್ತದೆ. ಇಸ್ಮಾಯಿಲ್ ಮೂರು ಸಲ ಹೇಳಿದ್ದು ಇದನ್ನೇ.

ಅಚ್ಚು ಹಾಕಿ ಮಾವನಿಗೆ ತೋರಿಸಿ, ನಾಚುತ್ತ ವಿವರಿಸಿದೆ. ನಾನು ಕ್ಲಾಸಿನಲ್ಲಿ ಎಷ್ಟೋ ಜನರಿಗೆ ಎಷ್ಟೋ ವಿಷಯ ವಿವರಿಸಿದ್ದೇನೆ. ಇಷ್ಟು ಬೇಗ ಅರ್ಥಮಾಡಿಕೊಂಡವರನ್ನು ಕಂಡಿಲ್ಲ. "ಒಂದೇ ಫೋಟೊದಲ್ಲಿ ಎರಡು ಟೈಮ್ ಉಂಟು, ಅಲ್ವಾ?" ಎಂದರು. "ಒಂದೇ ನಿಮಿಷಕ್ಕೆ ಎರಡು ಬಸ್ಸು ಬಂದ ಹಾಗೆ. ಒಂದನ್ನು ಬಿಡಿ, ಒಂದನ್ನು ಹಿಡೀರಿ."

"ಹಾಗೆ ಮಾಡ್ಲಿಕ್ಕಾಗ್ತದೆ ಮಾವ. ಆದರೆ ಅರ್ಧ ಗೆರೆ ಖಾಲಿ ಆಗ್ತದೆ."

"ಖಾಲಿ ಜಾಗಕ್ಕೆ ಎಂತ ತುಂಬಿಸುದು?"

"ಮೇಲಿನ ಗೆರೆ, ಕೆಳಗಿನ ಗೆರೆ ನೋಡಿ ಕಂಪ್ಯೂಟರೇ ಅಂದಾಜಿನಲ್ಲಿ ತುಂಬಿಸ್ತದೆ."

ಮಾವ ಕಾಗದವನ್ನು ನನ್ನ ಕೈಗೆ ಕೊಟ್ಟರು. "ಬಾರದ ಬಸ್ಸಿಗೆ ಟೈಮ್ ಬರೆಯುದು. ಹಾಗೆ ಬರೆದ ಒಬ್ಬನನ್ನು ನಾನೇ ಕೆಲಸದಿಂದ ತೆಗೆಸಿದ್ದೇನೆ."

ಆ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ಈ ಪ್ರಬಂಧ ಬರೆಯುವಾಗಲೂ ಉಳಿದಿದೆ. ಮೇಲಿನ ಸಂಭಾಷಣೆಗಳೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಇವೆ. ಪ್ರತಿ ಭಾನುವಾರ ಹೋಗುತ್ತಿದ್ದೆ ಎಂದು ಬರೆದೆ. ವಸಂತಿ ಓದಿ, "ತಿಂಗಳಿಗೊಮ್ಮೆ ಹೋದರೆ ಹೆಚ್ಚು" ಎಂದಳು. ನನಗೆ ಮಾತ್ರ ಭಾನುವಾರಗಳು ಸಾಲಾಗಿ ನೆನಪಿವೆ, ಮಾವನ "ಬಂತಾ?" ಸಮೇತ. ಇದ್ದ ಎರಡು ಭಾನುವಾರಗಳನ್ನು ನೋಡಿ ನಡುವಿನದ್ದನ್ನು ನಾನೇ ತುಂಬಿಸಿಕೊಂಡೆನೋ ಏನೋ. ಹಳೆಯದನ್ನು ತಿದ್ದಿ ತೀಡಿ ಹೇಳುವವರನ್ನು ಕಂಡರೆ ಮೊದಲಿನಿಂದಲೂ ನನಗೆ ಅನುಮಾನ. ಈಚೆಗೆ ನನ್ನನ್ನು ಕಂಡರೂ ಅನುಮಾನ. ಆದ್ದರಿಂದ ಓದುಗರು ಇಲ್ಲಿನ ಒಂದು ಬಿಟ್ಟು ಒಂದು ಸಾಲನ್ನು ನಂಬಿದರೆ ಸಾಕು. ಯಾವುದೆಂದು ನನಗೂ ಗೊತ್ತಿಲ್ಲ.

ಕ್ಯಾಮರಾ ಬದಲಿಸುವ ಹಾಗಿರಲಿಲ್ಲ. ಜಾಗ ಬದಲಿಸುವ ಹಾಗಿತ್ತು. ಜಗಲಿಯಲ್ಲಿ ಕೂತವರು ನನ್ನ ಮಾವ; ಸ್ಟ್ಯಾಂಡಿನವರು ಗುರುತಿಸಬೇಕಾದದ್ದು ಟೈಮ್ ಕೀಪರ್ ಶೀನಣ್ಣನನ್ನು. ಆ ಮನುಷ್ಯ ಸ್ಟ್ಯಾಂಡಿನಲ್ಲಿ ಮಾತ್ರ ಸಿಗುತ್ತಾನೆ. ಹಾಗೆಂದು ಒಂದು ಬೆಳಿಗ್ಗೆ ಏನೋ ನೆಪ ಹೇಳಿ ಮಾವನನ್ನು ಬಿ.ಸಿ. ರೋಡಿಗೆ ಕರೆದುಕೊಂಡು ಹೋದೆ. ಅವರನ್ನು ಕ್ಯಾಂಟೀನಿನ ಎದುರಿನ ಕಟ್ಟೆಯಲ್ಲಿ ಕೂರಿಸಿ, ಕೆಲಸವಿದೆ ಎಂದು ಹೇಳಿ, ಸ್ಟ್ಯಾಂಡಿನ ಇನ್ನೊಂದು ತುದಿಗೆ ಹೋಗಿ ಚೀಲದಿಂದ ಕ್ಯಾಮರಾ ತೆಗೆದೆ.

ಮೊದಲ ಐದು ನಿಮಿಷ ಅವರು ಸುಮ್ಮನೆ ಕೂತಿದ್ದರು. ಆಮೇಲೆ ಒಂದು ಬಸ್ಸು ಹೊರಡಬೇಕಾದ ನಿಮಿಷ ದಾಟಿಯೂ ಜನ ತುಂಬಿಸುತ್ತ ನಿಂತಿತು. ಹೊಸ ಟೈಮ್ ಕೀಪರ್ ಎಲ್ಲೋ ಹೋಗಿದ್ದ. ಮಾವ ಕೈಗಡಿಯಾರ ನೋಡಿದರು. ಎದ್ದರು, ಕೂತರು, ಮತ್ತೆ ಎದ್ದರು. ಮತ್ತೊಮ್ಮೆ ಗಡಿಯಾರ ನೋಡಿ ಸೀದಾ ಬಸ್ಸಿಗೆ ಹೋಗಿ ಬಾಗಿಲಿಗೆ ಎರಡು ಬಡಿದರು. "ಏ, ಇದು ಎಂತ ನಿನ್ನ ಮಾವನ ಮನೆಯ ಚಾವಡಿಯಾ? ತೆಗಿ, ತೆಗಿ! ಹಿಂದಿನ ಬಸ್ಸಿನವನಿಗೆ ಹೊಟ್ಟೆ ಇಲ್ವಾ?" ಡ್ರೈವರ್ ಹೊಸಬ, ಯಾರೋ ಅಧಿಕಾರಿ ಎಂದುಕೊಂಡು ಹೊರಡಿಸಿಯೇಬಿಟ್ಟ. ಆಮೇಲಿನ ಅರ್ಧ ಗಂಟೆ ನನ್ನ ಮಾವ ನಿವೃತ್ತಿಯಾಗಿರಲಿಲ್ಲ. ನಾನು ಆನಂದದಿಂದ ಅವರ ಮುಖವನ್ನು ಹತ್ತಿರ, ಇನ್ನೂ ಹತ್ತಿರ ಎಳೆದುಕೊಳ್ಳುತ್ತ, ಕಣ್ಣನ್ನು ಕ್ಯಾಮರಾಕ್ಕೆ ಒತ್ತಿ, ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಮಾವ ಮಾತು ನಿಲ್ಲಿಸಿ ನೇರವಾಗಿ ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಬಾಯಿ ತೆರೆದರು. ಆಮೇಲೆ ಟೇಪಿನಲ್ಲಿ ಇರುವುದು ಆಕಾಶ, ಬಸ್ಸಿನ ಚಕ್ರ, ನನ್ನ ಚಪ್ಪಲಿ. ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ನನ್ನ ಬೆನ್ನಿನಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಇಡೀ ಸ್ಟ್ಯಾಂಡು ನಿಂತಿತ್ತು.

ನಲವತ್ತು ನಿಮಿಷದ ಟೇಪು. ಅರವತ್ತು ಸಾವಿರ ಮುಖ. ಎರಡು ವಾರ ಶಾಲೆಯಿಂದ ಬಂದು ಒಂದೊಂದೇ ನಿಲ್ಲಿಸಿ ನೋಡಿದೆ. ನನಗೆ ಹೆದರಿಕೆಯಾಯಿತೆಂದರೆ ನೀವು ನಗಬಾರದು. ಓಡುವಾಗ ಅದು ಮಾವನೇ; ನಿಲ್ಲಿಸಿದರೆ ಯಾರೋ. ಒಂದರಲ್ಲಿ ಕಣ್ಣು ಅರ್ಧ ಮುಚ್ಚಿದ ಕುಡುಕ, ಮುಂದಿನದರಲ್ಲಿ ಹಲ್ಲು ನೋವಿನವನು, ಅದರ ಮುಂದಿನದರಲ್ಲಿ ಏನನ್ನೋ ಕಂಡು ಬೆಚ್ಚಿದವನು. ಇವರೆಲ್ಲ ಇಷ್ಟು ವರ್ಷ ಮಾವನ ಮುಖದ ಒಳಗೆ ಎಲ್ಲಿ ಅಡಗಿದ್ದರು? ನಾನು ಗುರುತಿಸುವ ಆ ಮುಖ ಅರವತ್ತು ಸಾವಿರದಲ್ಲಿ ಒಂದರಲ್ಲೂ ಇರಲಿಲ್ಲ. ಅದು ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ ಎಲ್ಲೋ ಇದ್ದು, ಅಲ್ಲಿ ನನ್ನ ಕ್ಯಾಮರಾಕ್ಕೆ ಪ್ರವೇಶವಿರಲಿಲ್ಲ. ಒಬ್ಬ ಮನುಷ್ಯನನ್ನು ಗುರುತಿಸುವ ಕೆಲಸದಲ್ಲಿ ಅರ್ಧ ನಾವೇ ಮಾಡುತ್ತೇವೆಂಬುದನ್ನು ಯಾವ ಕ್ಯಾಟಲಾಗಿನಲ್ಲೂ ಬರೆದಿರಲಿಲ್ಲ.

ಆದರೆ ಒಂದು ಸಿಕ್ಕಿತು. ಮಾವ ಮಾತು ನಿಲ್ಲಿಸಿ ನನ್ನನ್ನು ನೋಡಿದ ಆ ಕ್ಷಣ. ಅಲುಗಾಟ ನಿಂತದ್ದರಿಂದ ಗೆರೆಗಳು ಜಗಳವಾಡಿರಲಿಲ್ಲ. ಚಿತ್ರ ಕನ್ನಡಿಯಂತೆ ಸ್ಪಷ್ಟ. ಕಣ್ಣು ಅರಳಿ, ತುಟಿ ತುಸು ತೆರೆದು, ಮುಖದಲ್ಲಿ ನಾನು ಎಂದೂ ಕಂಡಿರದ ಒಂದು ಮೃದುತನ. ದೊಡ್ಡದಾಗಿ ಅಚ್ಚು ಹಾಕಿಸಿದೆ. ವಸಂತಿ ನೋಡಿ ಸೆರಗಿನಿಂದ ಅದರ ಮೇಲಿನ ಇಲ್ಲದ ಧೂಳನ್ನು ಒರೆಸಿದಳು. ಗೆದ್ದೆ ಎಂದುಕೊಂಡು ವಾಮದಪದವಿಗೆ ಓಡಿದೆ. ಮಾವ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಇವ ಯಾರು?" ಎಂದರು. "ಒಳ್ಳೆ ಜನದ ಹಾಗೆ ಕಾಣ್ತಾನೆ."

"ನೀವೇ ಮಾವ!"

"ನಾನು ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಸ್ಟ್ಯಾಂಡಿನವರಿಗೆ ಗೊತ್ತಾ? ತೋರಿಸಿ ಬನ್ನಿ. ನಾನು ಬರುದಿಲ್ಲ. ನಾನು ಜೊತೆಗಿದ್ದರೆ ನನ್ನನ್ನು ನೋಡಿ ಹೇಳ್ತಾರೆ."

ವಿಜ್ಞಾನದ ಮಾಸ್ಟ್ರಿಗೆ ಪ್ರಯೋಗದ ಶಿಸ್ತನ್ನು ಮಾವ ಕಲಿಸಿದ್ದು ಹೀಗೆ. ಮೂರು ಫೋಟೊ ಹಿಡಿದು ಒಬ್ಬನೇ ಸ್ಟ್ಯಾಂಡಿನ ಕ್ಯಾಂಟೀನಿಗೆ ಹೋದೆ. ಸ್ಟುಡಿಯೋದ ಹಲಗೆ, ನನ್ನ ಒಳ್ಳೆ ಜನ, ಮೂರನೆಯದಾಗಿ, ಹೋಲಿಕೆಗಿರಲಿ ಎಂದು, ಬಸ್ಸಿನ ಬಾಗಿಲು ಬಡಿಯುವಾಗಿನ ಒಂದು ಕೆಟ್ಟ ಚಿತ್ರ. ಅದರಲ್ಲಿ ಕೈ ಎರಡು ಕಡೆ, ಬಾಯಿ ಎರಡು, ಕುತ್ತಿಗೆಯ ನರಗಳನ್ನೂ ಸೇರಿಸಿ ಎಲ್ಲ ಬಾಚಿಹೋಗಿತ್ತು. ಕ್ಯಾಂಟೀನಿನಲ್ಲಿ ಮಾವನ ಕಾಲದ ಒಬ್ಬ ಡ್ರೈವರ್ ಚಾ ಕುಡಿಯುತ್ತಿದ್ದ. ಹಲಗೆಯನ್ನು ನೋಡಿ, "ಯಾವುದೋ ಸೊಸೈಟಿಯ ಅಧ್ಯಕ್ಷರಾ?" ಎಂದ. ಒಳ್ಳೆ ಜನವನ್ನು ನೋಡಿ, ನನ್ನ ಮುಖವನ್ನೂ ನೋಡಿ, "ನಿಮ್ಮ ಅಪ್ಪನಾ?" ಎಂದ. ಮೂರನೆಯದನ್ನು ಎದುರಿಗಿಟ್ಟೆ. ಅವನು ಚಾದ ಗ್ಲಾಸು ಕೆಳಗಿಟ್ಟು ಅರ್ಧ ಎದ್ದು ನಿಂತು, "ಟೈಮ್ ಆಯ್ತಾ?" ಎಂದ. ಆಮೇಲೆ ನಾಚಿ ಕೂತು, "ಅಯ್ಯೋ ನಮ್ಮ ಶೀನಣ್ಣ!" ಎಂದು ಆ ಕೆಟ್ಟ ಚಿತ್ರದ ಮೇಲೆ ಬೆರಳಾಡಿಸಿದ.

ನಾನು ನಾಲ್ಕು ತಿಂಗಳು ಯಾವುದನ್ನು ನಿವಾರಿಸಲು ಕೋಷ್ಟಕ ಹಾಕಿದ್ದೆನೋ, ಇಸ್ಮಾಯಿಲ್ ಯಾವುದರ ಬಗ್ಗೆ ಮೂರು ಸಲ ಎಚ್ಚರಿಸಿದ್ದನೋ, ಅದೇ ಗೆದ್ದಿತು. ಮಾವನಿಗೆ ವರದಿ ಒಪ್ಪಿಸಿದೆ. ಅವರು ಆ ಬಾಚಿದ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದನ್ನೇ ಕೊಡಿ" ಎಂದರು.

"ಇದರಲ್ಲಿ ಎರಡು ಟೈಮ್ ಉಂಟಲ್ಲ ಮಾವ?"

"ಇರಲಿ. ಪೇಪರಿನಲ್ಲಿ ಉಗುರಿನಷ್ಟಾಗಿ ಬರ್ತದೆ, ಗೆರೆ ಯಾರಿಗೆ ಕಾಣ್ತದೆ? ಸ್ವಲ್ಪ ಅಲುಗಿದ ಹಾಗೆ ಕಾಣ್ತದೆ, ಅಷ್ಟೇ. ಅಲುಗಿದರೇ ನಾನು." ಆಮೇಲೆ ಇನ್ನೊಂದನ್ನು, ನನ್ನ ಹೆಮ್ಮೆಯದನ್ನು, ಎರಡೂ ಕೈಯಲ್ಲಿ ಹಿಡಿದು ನನಗೆ ಹಿಂತಿರುಗಿಸಿದರು. "ಇದನ್ನು ನೀವೇ ಇಟ್ಟುಕೊಳ್ಳಿ. ಈ ಮುಖ ಬೇರೆ ಯಾರೂ ನೋಡ್ಲಿಲ್ಲ. ಬಸ್ಸಿನ ಅಡಿಗೆ ಹೋಗುವವನಿಗೆ ಮಾತ್ರ ಕಾಣುವಂಥದ್ದು."

ಉಗುರಿನಷ್ಟು ಎಂಬ ಮಾತು ನಾಲ್ಕು ತಿಂಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಕೋಷ್ಟಕದಲ್ಲಿ ಚುಕ್ಕಿಗಳಿಗೆ ಮೂರು ಕಾಲಂ ಇದ್ದವು. ಫೋಟೊ ಎಷ್ಟು ದೊಡ್ಡದಾಗಿ ಅಚ್ಚಾಗಬೇಕು ಎಂಬುದಕ್ಕೆ ಒಂದೂ ಇರಲಿಲ್ಲ.

ಮಾವ ಮತ್ತೆ ಮೂರು ವರ್ಷ ಇದ್ದರು, ಪ್ರತಿ ಬೆಳಿಗ್ಗೆ ಆ ಪುಟವನ್ನು ವಿಚಾರಿಸಿಕೊಳ್ಳುತ್ತ. ಅವರು ಹೋದ ದಿನ ಬಾಚಿದ ಚಿತ್ರವನ್ನೇ ಪತ್ರಿಕೆಗೆ ಕೊಟ್ಟೆವು. ಅಲ್ಲಿ ಕೂತವನು, "ಇದಕ್ಕಿಂತ ಕ್ಲಿಯರ್ ಯಾವುದೂ ಇಲ್ವಾ?" ಎಂದು ಕೇಳಿದ. ಇದೆ ಎಂದೆ, ಕೊಡಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಕೆಳಗೆ ಕೆ. ಶ್ರೀನಿವಾಸ ಎಂದು ಬಂದಿತ್ತು. ಹೆಸರನ್ನು ಯಾರೂ ಓದಿದಂತಿರಲಿಲ್ಲ. ಬೆಳಿಗ್ಗೆ ಏಳರಿಂದಲೇ ವಾಮದಪದವಿನ ಆ ಅಂಗಳಕ್ಕೆ ಖಾಕಿ ಅಂಗಿಗಳು ಬರತೊಡಗಿದವು. ಒಂದು ಟ್ರಿಪ್ಪಿಗೂ ಇನ್ನೊಂದು ಟ್ರಿಪ್ಪಿಗೂ ನಡುವೆ ಬಿಡುವು ಮಾಡಿಕೊಂಡು ಬಂದವರು. ಮೂರು ನಿಮಿಷ ತಲೆ ತಗ್ಗಿಸಿ ನಿಂತು, ಕೈಗಡಿಯಾರ ನೋಡಿ, ಅವಸರದಲ್ಲಿ ಹೋಗುತ್ತಿದ್ದರು. ಯಾರೂ ನಾಲ್ಕನೆಯ ನಿಮಿಷ ನಿಲ್ಲಲಿಲ್ಲ.

ಇನ್ನೊಂದು ಚಿತ್ರ ಮೂಡುಬಿದಿರೆಯ ನಮ್ಮ ಮನೆಯಲ್ಲಿ, ಚಾವಡಿಯಿಂದ ಅಡುಗೆಮನೆಗೆ ಹೋಗುವ ದಾರಿಯ ಗೋಡೆಯಲ್ಲಿದೆ. ಬಂದವರೆಲ್ಲ ಅದರೆದುರು ನಿಲ್ಲುತ್ತಾರೆ. "ಎಷ್ಟು ಪ್ರೀತಿಯ ನೋಟ! ಯಾರನ್ನು ನೋಡುತ್ತಿದ್ದಾರೆ?" ಎಂದು ಕೇಳುತ್ತಾರೆ. ನನ್ನನ್ನು ಎನ್ನುತ್ತೇನೆ, ಅದು ಸುಳ್ಳಲ್ಲ. ಏನು ಹೇಳುತ್ತಿದ್ದರು ಎಂದು ಕೇಳಿದರೆ ಕಷ್ಟ. 'ಮಗಾ, ಜಾಗ್ರತೆ' ಎಂದು ನನ್ನ ನೆನಪು. ಅಡುಗೆಮನೆಯಿಂದ ವಸಂತಿ, "'ಕತ್ತೆ, ಸಾಯ್ಲಿಕ್ಕೆ ಹೊರಟಿದ್ದಿಯಾ' ಎಂದದ್ದು ಅಪ್ಪ. ನಾನು ಟೇಪಿನಲ್ಲಿ ಕೇಳಿದ್ದೇನೆ" ಎನ್ನುತ್ತಾಳೆ. ಯಾರದು ಸರಿಯೆಂದು ನೋಡುವ ಹಾಗಿಲ್ಲ. ನಮ್ಮ ಮಳೆಗಾಲಗಳಲ್ಲಿ ಟೇಪಿಗೆ ಬೂಷ್ಟು ಹಿಡಿದಿದೆ. ಚಿತ್ರದಲ್ಲಿ ಮಾವ ಇನ್ನೂ ಬಾಯಿ ತೆರೆಯುವುದರಲ್ಲೇ ಇದ್ದಾರೆ. ಏನು ಹೇಳುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯ ಉಂಟು, ಏಕೆ ಹೇಳುತ್ತಿದ್ದರು ಎಂಬುದರಲ್ಲಿ ಇಲ್ಲ. ನೀರಿನ ಲೋಟ ಹಿಡಿದು ಆ ಗೋಡೆಯ ಎದುರು ಹಾದುಹೋಗುವಾಗ ನಾನು ಇವತ್ತಿಗೂ ಒಂದು ಹೆಜ್ಜೆ ಬದಿಗೆ ಸರಿದೇ ಹೋಗುತ್ತೇನೆ.